ಸಾಹುಕಾರರ ಎದೆ, ನಾಗವ್ವನ ಎದೆ

ನಾಗವ್ವನ ಔಷಧ ಬಸ್ಸಿನಲ್ಲಿ ಬರುತ್ತಿತ್ತು.

ಪುಣೆಯಲ್ಲಿ ದವಾಖಾನೆಗಳಿಗೇನು ಬರವಿಲ್ಲ. ಓಣಿಗೊಂದು ಕ್ಲಿನಿಕ್ಕು, ಚೌಕಕ್ಕೊಂದು ಔಷಧದ ಅಂಗಡಿ. ಆದರೂ ಪರ್ವತಿ ಗುಡ್ಡದ ಬುಡದಲ್ಲಿ ತಗಡಿನ ಮನೆಗಳ ವಸ್ತಿ ಕಟ್ಟಿಕೊಂಡಿರುವ ಇಂಡಿ, ಸಿಂದಗಿ ಕಡೆಯ ಜನಕ್ಕೆ ಹೊಟ್ಟೆ ನೊಂದರೂ ಎದೆ ಉರಿದರೂ ಊರಿನ ಔಷಧವೇ ಆಗಬೇಕು. ಫೋನ್ ಮಾಡಿದರೆ ಊರಿನ ವೈದ್ಯ ಚೂರ್ಣದ ಪೊಟ್ಟಣ ಕಟ್ಟಿ ಬಸ್ ಕಂಡಕ್ಟರನ ಕೈಗೆ ಕೊಡುತ್ತಾನೆ. ಇವರು ಸ್ವಾರಗೇಟ ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳುತ್ತಾರೆ. ಪೊಟ್ಟಣಕ್ಕೆ ಗುಣ ಕಾಣದಿದ್ದರೆ ರೋಗಿಯನ್ನೇ ಅದೇ ಬಸ್ಸಿಗೆ ಹತ್ತಿಸಿ ಊರಿಗೆ ಒಯ್ಯುತ್ತಾರೆ. ಹಿಂದಿನವರು ಹಾಗೆ ಮಾಡಿದರು, ಇಂದಿನವರೂ ಹಾಗೇ ಮಾಡುತ್ತಾರೆ. ಯಾಕೆ ಎಂದು ಯಾರೂ ಕೇಳಿಲ್ಲ.

ಆ ದಿನ ಬೆಳಿಗ್ಗೆ ನಾಗವ್ವನ ಗಂಡ ಮಲಕಪ್ಪ ಸ್ಟ್ಯಾಂಡಿನಲ್ಲಿ ಒಂದು ಕಡೆ ನಿಲ್ಲಲಾರದೆ ಅತ್ತಿತ್ತ ತಿರುಗುತ್ತಿದ್ದ. ಬಸ್ಸು ತಡವಾಗಿತ್ತು. ವಿಚಾರಣೆ ಕಿಟಕಿಯವನನ್ನು ಕೇಳಿ ಕೇಳಿ ಬೈಸಿಕೊಂಡಿದ್ದ. ಬಸ್ಸು ಬಂದು ನಿಲ್ಲುವ ಮೊದಲೇ ಬಾಗಿಲಿಗೆ ಜೋತುಬಿದ್ದ.

"ತಗೋರಿ ಕಾಕಾ, ನಿಮ್ಮ ಪೊಟ್ಟಣ," ಎಂದ ಕಂಡಕ್ಟರ್ ಮಾಂತು. "ಯಾರಿಗ್ರೀ ಇದು, ನಿಮಗೇನು?"

"ನನಗೇನಾಗೇದಲೇ? ನಿಮ್ಮ ಕಾಕಿಗೆ. ಪಿತ್ತ ನೆತ್ತಿಗೇರೇದ."

"ನಿಮ್ಮ ಕೂಡ ಸಂಸಾರ ಮಾಡಿದ್ರ ಏರೂದs ಮತ್ತ."

ಬೇರೆ ದಿನವಾಗಿದ್ದರೆ ಮಲಕಪ್ಪ ನಗುತ್ತಿದ್ದ. ಅಂದು ನಗಲಿಲ್ಲ. ಪೊಟ್ಟಣ ಅಂಗಿಯ ಜೇಬಿಗೆ ಹಾಕಿಕೊಂಡು ಬಿರಬಿರನೆ ನಡೆದ.

ಮಲಕಪ್ಪ ಪುಣೆಯ ಕ್ಯಾಂಪ್ ಪೇಟೆಯಲ್ಲಿರುವ ಕಾಡಪ್ಪ ಸಾಹುಕಾರರ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಹಮಾಲ. ಅಲ್ಲಿನ ಹಮಾಲರ ಗುಂಪಿಗೆ ಅವನೇ ಮುಕಾದಮ. ಹೆಂಡತಿ ನಾಗವ್ವ ಅದೇ ಸಾಹುಕಾರರ ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ, ಅಡಿಗೆ ಮಾಡುತ್ತಾಳೆ. ಸಾಹುಕಾರರೂ ಇಂಡಿ ತಾಲ್ಲೂಕಿನವರೇ. ಒಂದೇ ನೀರು ಕುಡಿದವರು, ಒಂದೇ ಜೋಳ ತಿಂದವರು. ಈಗ ಒಬ್ಬರು ಐದನೆಯ ಮಹಡಿಯಲ್ಲಿದ್ದಾರೆ, ಇನ್ನೊಬ್ಬರು ಗುಡ್ಡದ ಬುಡದಲ್ಲಿದ್ದಾರೆ. ಅಷ್ಟೇ ವ್ಯತ್ಯಾಸ ಎಂದು ಸಾಹುಕಾರರು ಹಬ್ಬದ ದಿನ ಹೇಳುವುದುಂಟು. ಅಷ್ಟೇ ಅಲ್ಲ, ಇನ್ನೂ ಇದೆ.

ಮನೆಗೆ ಬಂದಾಗ ನಾಗವ್ವ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು. ಬಿಸಿಲು ಇನ್ನೂ ಏರಿರಲಿಲ್ಲ. ಆದರೂ ಅವಳ ಹಣೆ, ಕುತ್ತಿಗೆ ಬೆವರಿನಿಂದ ತೊಯ್ದಿದ್ದವು. ಹಿಂದಿನ ದಿನದಿಂದ ಅವಳು ಒಂದೇ ಮಾತು ಹೇಳುತ್ತಿದ್ದಳು. ಎದೆಯ ಮೇಲೆ ಯಾರೋ ಒಳಕಲ್ಲು ಇಟ್ಟ ಹಾಗೆ ಆಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ದವಡೆ ಸೆಳೆಯುತ್ತದೆ ಎಂದೂ ಹೇಳಿದ್ದಳು. ದವಡೆ ನೋವಿಗೆ ಅವಳು ಇನ್ನಷ್ಟು ಮಿಶ್ರಿ ತಿಕ್ಕಿದ್ದಳು. ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಪುಡಿ. ನಮ್ಮ ಹೆಂಗಸರು ಹಲ್ಲಿಗೆ ತಿಕ್ಕುತ್ತಾರೆ, ತಿಕ್ಕಿದ ಮೇಲೆ ಅದು ತಂಬಾಕು ಎನ್ನುವುದನ್ನೇ ಮರೆಯುತ್ತಾರೆ.

ಹಿಂದಿನ ದಿನ ಓಣಿಯ ಡಾಕ್ಟರಿಗೂ ತೋರಿಸಿದ್ದರು. ಆ ಡಾಕ್ಟರು ಅವಳ ಹಳೆಯ ಸೀರೆ ನೋಡಿದರು, ಮುಖ ನೋಡಲಿಲ್ಲ. ಎದೆಗೆ ನಳಿಗೆ ಹಚ್ಚಲಿಲ್ಲ, ಕೈಗೆ ಪಟ್ಟಿ ಸುತ್ತಿ ಬಿ.ಪಿ. ನೋಡಲಿಲ್ಲ. "ಗ್ಯಾಸ್ ಆಹೇ" ಎಂದು ಮರಾಠಿಯಲ್ಲಿ ಹೇಳಿ ಗುಳಿಗೆ ಬರೆದರು. ಮುಗಿಯಿತು.

ಮಲಕಪ್ಪ ಬಿಸಿನೀರಿನಲ್ಲಿ ಚೂರ್ಣ ಕಲಸಿ ಕೊಟ್ಟ. ನಾಗವ್ವ ಕುಡಿದಳು. ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಅಂಗಳದಲ್ಲಿ ವಾಂತಿಯಾಯಿತು. ಮತ್ತೆ ಬಂದು ಕೂತವಳು ಎಡಗೈಯನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಳು.

"ಕೈ ಭಾರ ಆಗೇದ್ರಿ," ಎಂದಳು.

"ಪಿತ್ತ ಹೊರಗ ಬಿತ್ತಲ್ಲ, ಇನ್ನ ಹಗುರಾಗ್ತದ ತಗೋ."

"ಹಗುರಾಗೂದಿಲ್ರಿ. ಇದು ಬ್ಯಾರೆ ಅದ."

ಮಲಕಪ್ಪ ದಡಕ್ಕನೆ ಎದ್ದ. ಹೆದರಿಕೆಯಾದಾಗ ಅವನಿಗೆ ಸಿಟ್ಟು ಬರುತ್ತದೆ. ಅದು ಅವನ ಗುಣ. ತಟ್ಟೆ ಒದ್ದ, ಚೀಲ ಎಳೆದ, ಅವಳ ಎರಡು ಸೀರೆ ತುರುಕಿದ. "ನಡಿ, ಊರಿಗೆ ಹೋಗೂಣು. ಆ ಬಸ್ಸs ಇನ್ನೊಂದು ತಾಸಿಗೆ ಹೊಳ್ಳಿ ಹೋಗ್ತದ. ಸಂಜಿಗೆ ವೈದ್ಯನ ಮುಂದ ಇರ್ತಿ," ಎಂದ.

ಅಷ್ಟರಲ್ಲಿ ರಂಜನಾ ಬಂದಳು. ರಂಜನಾ ವಸ್ತಿಯ ಆಶಾ ಕಾರ್ಯಕರ್ತೆ. ಅಕ್ಕಲಕೋಟದ ಕಡೆಯವಳು. ಮರಾಠಿ ಎಷ್ಟು ಬರುತ್ತದೋ ಕನ್ನಡವೂ ಅಷ್ಟೇ ಬರುತ್ತದೆ, ಎರಡರಲ್ಲೂ ಜೋರು ಬಾಯಿ. ಪಕ್ಕದ ಮನೆಯ ಕೂಸಿನ ಲಸಿಕೆಗೆಂದು ಬಂದವಳು ಚೀಲ ನೋಡಿ ಇಲ್ಲೇ ನಿಂತಳು.

"ಏನ್ ವೈನಿ, ಮುಖ ಯಾಕ ಹೀಂಗಾಗೇದ?"

"ಪಿತ್ತ," ಎಂದ ಮಲಕಪ್ಪ.

"ನಿಮ್ಮನ್ನ ಕೇಳಿಲ್ಲ ಮಲಕಪ್ಪಣ್ಣ. ವೈನಿ, ನೀವು ಹೇಳ್ರಿ. ನೋವು ಎಲ್ಲೆಲ್ಲಿ ಅದ?"

ನಾಗವ್ವ ಎದೆ ತೋರಿಸಿದಳು. ದವಡೆ, ಬೆನ್ನು ತೋರಿಸಿದಳು. ಕೈ ತೋರಿಸಿದಳು. ನಳದ ತನಕ ಹೋಗಿ ಬರುವಷ್ಟರಲ್ಲಿ ಉಸಿರು ಹತ್ತುತ್ತದೆ ಎಂದಳು. ರಂಜನಾಳ ಮುಖ ಗಟ್ಟಿಯಾಯಿತು.

"ಇದು ಪಿತ್ತ ಅಲ್ಲ. ಹಾರ್ಟಿನ ತ್ರಾಸ ಇದ್ದಂಗ ಅದ. ನಾ ಒಂದು ನೂರಾ ಎಂಟಕ್ಕ ಫೋನ್ ಹಚ್ತೀನಿ, ಆಂಬುಲೆನ್ಸ್ ಬರ್ತದ."

ಮಲಕಪ್ಪ ನಕ್ಕ. ಅದು ಒಳ್ಳೆಯ ನಗುವಲ್ಲ. "ಹಾರ್ಟ್? ಕೇಳಿದ್ಯಾ ನಾಗೀ, ನಿನಗ ಹಾರ್ಟ್ ಅಂತ! ಏ ತಂಗಿ, ಅದು ಕುಂತು ತುಪ್ಪ ತಿನ್ನೋವರ ಬ್ಯಾನಿ. ನಾವು ದಿನಾ ಬೆವರು ಸುರಿಸಿ ದುಡಿಯೋ ಮಂದಿ. ನಮಗೆಲ್ಲಿ ಬರ್ತದ ಅದು? ನಿಮ್ಮ ಆಂಬುಲೆನ್ಸ್ ಬಂದ್ರ ವಸ್ತಿ ಎಲ್ಲಾ ಬಾಗಲಾಗ ನಿಂದರ್ತದ. ದೊಡ್ಡ ದವಾಖಾನ್ಯಾಗ ಕಾಗದ ಕೇಳ್ತಾರ. ನಮ್ಮ ರೇಶನ್ ಕಾರ್ಡ್ ಕರ್ನಾಟಕದ್ದು. ಹೊರಗ ಕುಂದರ್ಸಿ ಸಾಯಿಸ್ತಾರ. ಬ್ಯಾಡ."

"ಯಾರು ಹೇಳಿದ್ರು ನಿಮಗ?"

"ಯಾರು ಹೇಳಬೇಕು? ಕಣ್ಣಿಗೆ ಕಾಣಸಂಗಿಲ್ಲೇನು?"

ಅವನು ಅವಳನ್ನು ಒತ್ತಟ್ಟಿಗೆ ಸರಿಸಿ ಹೆಂಡತಿಯನ್ನು ಎಬ್ಬಿಸಿದ. ವಸ್ತಿಯ ಮುಂದೆ ಜೈಭೀಮನ ರಿಕ್ಷಾ ನಿಂತಿತ್ತು. ಜೈಭೀಮ ಇದೇ ವಸ್ತಿಯ ಹುಡುಗ, ತಂದೆ ಕಲಬುರಗಿಯಿಂದ ಬಂದವನು. ಮಲಕಪ್ಪ ನಾಗವ್ವನನ್ನು ಒಳಗೆ ಕೂರಿಸಿ ತಾನೂ ಹತ್ತಿದ. ಆ ಕಡೆಯಿಂದ ರಂಜನಾ ತನ್ನ ಚೀಲದ ಸಮೇತ ತೂರಿಕೊಂಡಳು.

"ನೀ ಎಲ್ಲಿಗೆ?" ಎಂದ ಮಲಕಪ್ಪ.

"ನಾನೂ ಊರಿಗೆ ಬರ್ತೀನಿ. ನಿಮ್ಮ ವೈದ್ಯನ ಮಾರಿ ನೋಡಬೇಕಾಗೇದ."

ಸಾರಸಬಾಗ ದಾಟುವ ಹೊತ್ತಿಗೆ ವಾಹನಗಳು ಒತ್ತಾಗಿ ನಿಂತವು. ಹಿಂದೆ ಹಾರ್ನು, ಮುಂದೆ ಹೊಗೆ. ಮಲಕಪ್ಪ ಸೀಟಿನ ತುದಿಗೆ ಬಂದು ಮುಂದಿನ ಕಂಬಿ ಬಡಿಯುತ್ತಿದ್ದ.

"ಚಲ್ ರೇ, ಚಲ್! ಆ ಸಂದ್ಯಾಗ ಹೊಡಿ!"

"ಕಾಕಾ, ಸಿಗ್ನಲ್ ನಂದಲ್ಲ, ಸರ್ಕಾರದ್ದು," ಎಂದ ಜೈಭೀಮ. ಕನ್ನಡಿಯಲ್ಲಿ ನಾಗವ್ವನನ್ನು ನೋಡಿ ದನಿ ತಗ್ಗಿಸಿದ. "ಕಾಕಿ ತುಟಿ ಬೆಳ್ಳಗಾಗ್ಯಾವ ರೀ. ದವಾಖಾನಿಗೆ ತಿರುಗಿಸ್ಲೇನು?"

"ನೀ ಮುಂದ ನೋಡಿ ಹೊಡಿ."

ನಾಗವ್ವ ಕಣ್ಣು ಮುಚ್ಚಿಕೊಂಡಿದ್ದಳು. ರಂಜನಾ ಅವಳ ಸೆರಗಿನಿಂದ ಗಾಳಿ ಹಾಕುತ್ತ ಹೇಳಿದಳು. "ಮಲಕಪ್ಪಣ್ಣ, ಊರಿಗೆ ಮುಟ್ಟಲಿಕ್ಕೆ ಎಷ್ಟು ಹೊತ್ತು ಬೇಕು? ಇಂದಾಪುರ, ಟೆಂಭುರ್ಣಿ, ಸೊಲ್ಲಾಪುರ. ನಡುವ ಏನಾರ ಆದ್ರ ಬಸ್ಸಿನಾಗ ಯಾರಿದ್ದಾರ? ಮಾಂತು ಟಿಕೆಟ್ ಹರೀತಾನ, ಎದಿ ನೋಡ್ತಾನೇನು?"

ಮಲಕಪ್ಪ ಮತ್ತೊಮ್ಮೆ ಕಂಬಿ ಬಡಿದ.

ಸ್ವಾರಗೇಟಿನಲ್ಲಿ ವಿಜಯಪುರದ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಜನ ಬಾಗಿಲಿಗೆ ಮುತ್ತಿದ್ದರು. ಮಲಕಪ್ಪ ರಿಕ್ಷಾದಿಂದ ಹಾರಿದವನೇ ಓಡಿದ. ಹೆಗಲ ಮೇಲಿನ ಟವೆಲ್ಲು ತೆಗೆದು ಕಿಟಕಿಯಿಂದ ಒಳಗೆ ಎಸೆದು ಸೀಟು ಹಿಡಿದ. ಕಿಟಕಿ ಬದಿಯ ಸೀಟು. ಆ ಗದ್ದಲದಲ್ಲೂ ಅವನಿಗೆ ಒಂದು ಗೆಲುವು ಎನಿಸಿತು. ತಿರುಗಿ ನೋಡಿದರೆ ರಂಜನಾ ನಾಗವ್ವನನ್ನು ರಿಕ್ಷಾದಿಂದ ಇಳಿಸಿ ಕಟ್ಟೆಯ ಮೇಲೆ ಕೂರಿಸಿದ್ದಳು, ಬಸ್ಸಿನ ಕಡೆ ಕರೆದುಕೊಂಡು ಬರುತ್ತಿರಲಿಲ್ಲ.

"ಸೀಟ್ ಸಿಕ್ಕೇದ, ಎಬ್ಬಿಸು!"

"ಎಬ್ಬಿಸೂದಿಲ್ಲ."

"ರಂಜನಾ, ಸಿಟ್ಟಿಗೇರಿಸಬ್ಯಾಡ. ನನ್ನ ಹೇಣ್ತಿ ಅಕಿ."

"ನಿಮ್ಮ ಹೇಣ್ತಿನೇ. ಅದಕ್ಕs ಕೇಳ್ತೀನಿ. ಹ್ವಾದ ವರ್ಷ ದೀಪಾವಳಿ ಮುಂದ ಕಾಡಪ್ಪ ಸಾಹುಕಾರ್ರು ಎದಿ ಹಿಡಕೊಂಡು ಬಿದ್ದಾಗ ಐದು ಮಾಳಿಗಿ ಇಳಿಸಿದವ್ರು ಯಾರು?"

"ನಾನs ಇಳಿಸೀನಿ. ಲಿಫ್ಟ್ ಕೆಟ್ಟಿತ್ತು. ಕುರ್ಚಿ ಮ್ಯಾಲ ಕೂಡ್ಸಿ ಹೊತ್ತೀನಿ. ಅದಕ್ಕೇನೀಗ?"

"ಎಲ್ಲಿಗೆ ಒಯ್ದ್ರಿ?"

"ದವಾಖಾನಿಗೆ ಒಯ್ದ್ವಿ, ಮತ್ತೆಲ್ಲಿಗೆ?"

"ಸ್ವಾರಗೇಟಿಗೆ ಯಾಕ ತರಲಿಲ್ಲ? ಅವರ ಊರೂ ಇಂಡೀನೇ ಅಲ್ಲ? ಟವೆಲ್ ಒಗದು ಅವರಿಗೂ ಒಂದು ಸೀಟ್ ಹಿಡೀಬೇಕಿತ್ತಲ್ಲ!"

ಬಸ್ಸಿನ ಬಾಗಿಲಲ್ಲಿದ್ದ ಇಬ್ಬರು ನಕ್ಕರು. ಮಲಕಪ್ಪನ ಕಿವಿ ಕೆಂಪಾದವು.

"ಅವರ ಮಾತು ಬ್ಯಾರೆ. ಅವರು ಸಾಹುಕಾರ್ರು."

"ಎದಿಯೊಳಗ ರಕ್ತ ಹೋಗೋ ನಾಳ ಸಾಹುಕಾರ, ಹಮಾಲ ಅಂತ ನೋಡ್ತದೇನು? ಅವರ ಎದಿ ಹಿಡೀತು, ತಾಸಿನೊಳಗ ದೊಡ್ಡ ಡಾಕ್ಟರ್ ಕೈಯಾಗ ಇದ್ರು. ಈಗ ದುಕಾನದಾಗ ಕುಂತು ನಿಮ್ಮನ್ನ ಬಯ್ಯಾಕತ್ತಾರ. ಇಕಿ ಎದಿ ಹಿಡೀತು, ಗ್ಯಾಸಿನ ಗುಳಿಗಿ, ಚೂರ್ಣ, ಬಸ್ಸು! ಓಣಿ ಡಾಕ್ಟರ್ ಅನ್ಯಾಯ ಮಾಡ್ಯಾನ, ಖರೆ. ಆ ಅನ್ಯಾಯದ ಮ್ಯಾಲ ನೀವೂ ಒಂದು ಕಲ್ಲು ಇಡ್ತೀರೇನು?"

ಮಲಕಪ್ಪ ಕೈ ಎತ್ತಿದ. ಹೊಡೆಯಲು ಅಲ್ಲ, ಏನು ಮಾಡಬೇಕೆಂದು ತಿಳಿಯದೆ ಎತ್ತಿದ. ಆ ಕೈ ಹಾಗೇ ತಲೆಯ ಮೇಲೆ ಹೋಗಿ ಕೂತಿತು. ಆಗ ಅವನ ಬಾಯಿಂದ ನಿಜವಾದ ಮಾತು ಬಂತು.

"ಇಲ್ಲಿ ಏನಾರ ಆದ್ರ ನನಗ ಯಾರದಾರ? ಮಣ್ಣಿಗಿ ನಾಲ್ಕು ಮಂದಿ ಬರಬೇಕು, ಎಲ್ಲಿಂದ ಬರ್ತಾರ? ಊರಾಗ ಅಣ್ತಮ್ರು ಅದಾರ."

"ಅಂದ್ರ ನೀವು ಮಣ್ಣಿನ ತಯಾರಿ ಮಾಡೀರಿ," ಎಂದಳು ರಂಜನಾ. ಈ ಸಲ ಅವಳ ದನಿ ತಗ್ಗಿತ್ತು. "ಉಳಿಸೂದರ ತಯಾರಿ ಮಾಡೇ ಇಲ್ಲ."

ಡ್ರೈವರ್ ಇಂಜಿನ್ ಚಾಲೂ ಮಾಡಿದ. ಮಾಂತು ಬಾಗಿಲಿನಿಂದ ಕೂಗಿದ. "ಕಾಕಾ, ಬರ್ತೀರೇನು ಇಲ್ಲ? ಟೈಮ್ ಆತು!"

ಮಲಕಪ್ಪ ಬಸ್ಸಿನ ಕಡೆ ಎರಡು ಹೆಜ್ಜೆ ಹಾಕಿದ, ಹಿಂದೆ ಬಂದ, ಮತ್ತೆ ಮುಂದೆ ಹೋದ. ಆಗ ನಾಗವ್ವ ಕಣ್ಣು ತೆರೆದಳು.

"ಏನ್ರೀ, ಇಲ್ಲಿ ಬರ್ರಿ."

ಅವನು ಬಂದು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅವಳು ನಡುವೆ ನಡುವೆ ಉಸಿರು ತೆಗೆದುಕೊಳ್ಳುತ್ತ ಮಾತಾಡಿದಳು.

"ಸಾಹುಕಾರ್ರ ಮನಿಗೆ ಡಾಕ್ಟರ್ ಬಂದಿದ್ರು. ನಾ ರೊಟ್ಟಿ ಬಡೀತಾ ಎಲ್ಲಾ ಕೇಳೀನ್ರಿ. ಎದಿ ಭಾರ ಆದ್ರ, ಕೈ ಸೆಳದ್ರ, ದವಡಿ ಸೆಳದ್ರ, ಬೆವರು ಬಂದ್ರ ಕುಂದರಬ್ಯಾಡ್ರಿ, ಓಡಿ ಬರ್ರಿ ಅಂತ ಸಾಹುಕಾರ್ತಿ ಅಕ್ಕಾರಿಗೆ ಹೇಳಿದ್ರು. ಅವತ್ತಿಂದ ನಾನs ಅವರಿಗೆ ಉಪ್ಪು ಕಡಿಮಿ ಹಾಕಿ ಅಡಗಿ ಮಾಡ್ತೀನಿ. ನಿನ್ನೆ ನನಗೂ ಎಲ್ಲಾ ಹಂಗs ಆತು. ಗೊತ್ತಾತ್ರಿ ನನಗ."

"ಗೊತ್ತಾದ್ರ ಯಾಕ ಹೇಳಲಿಲ್ಲ, ಹುಚ್ಚಿ?"

"ಅದು ಅವರಿಗಿ ಹೇಳಿದ್ದು ಅಂತ ಸುಮ್ನಾದೆ. ನಮ್ಮಂಥಾಕಿ ನನಗ ಹಾರ್ಟ್ ಆಗೇದ ಅಂದ್ರ ಮಂದಿ ನಗೂದಿಲ್ಲೇನು? ನೀವೂ ನಕ್ರಿ."

ಮಲಕಪ್ಪ ನೆಲ ನೋಡಬೇಕಾಯಿತು.

"ನಾ ಸಾಯಾಕ ಒಲ್ಲೆ ರೀ," ಎಂದಳು ನಾಗವ್ವ. "ಬಸ್ಸಿನಾಗಂತೂ ಒಲ್ಲೇ ಒಲ್ಲೆ."

ಬಸ್ಸು ಹೊರಟಿತು. ಕಿಟಕಿ ಬದಿಯ ಸೀಟೂ ಹೋಯಿತು, ಟವೆಲ್ಲೂ ಹೋಯಿತು. ಮಲಕಪ್ಪ ಅದರತ್ತ ತಿರುಗಿಯೂ ನೋಡಲಿಲ್ಲ. "ಹಚ್ಚು ಫೋನ್, ಲಗೂ ಹಚ್ಚು," ಎಂದು ರಂಜನಾಳಿಗೆ ಕೂಗಿದ. ಅವಳು ಆಗಲೇ ಫೋನ್ ಕಿವಿಗೆ ಹಿಡಿದಿದ್ದಳು. ಹೆಂಗಸು, ಎದೆನೋವು, ದವಡೆ ಮತ್ತು ಎಡಗೈ ಸೆಳೆತ, ಬೆವರು, ಸ್ವಾರಗೇಟ ಸ್ಟ್ಯಾಂಡಿನ ಒಳಗೆ, ಇಂಥ ಪ್ಲಾಟ್‌ಫಾರಂ ಎಂದು ಒಂದೊಂದೇ ಸರಿಯಾಗಿ ಹೇಳಿದಳು.

ಆಂಬುಲೆನ್ಸ್ ಬರುವ ತನಕ ಮಲಕಪ್ಪನಿಗೆ ನಿಂತಲ್ಲಿ ಕಾಲು ನಿಲ್ಲಲಿಲ್ಲ. ನೀರು ಕುಡಿಸಲು ಹೋದ, ರಂಜನಾ ಬೇಡವೆಂದಳು. ಎಬ್ಬಿಸಿ ಗೇಟಿನ ತನಕ ನಡೆಸೋಣ ಎಂದ. "ಒಂದು ಹೆಜ್ಜಿ ನಡಸಬ್ಯಾಡ್ರಿ, ಒರಗಿ ಕುಂದರ್ಲಿ, ಕುಬಸದ ಗುಂಡಿ ಸಡ್ಲ ಮಾಡ್ತೀನಿ, ನೀವು ಆ ಕಡೆ ನೋಡ್ರಿ," ಎಂದಳು. ಅವನು ಆ ಕಡೆ ನೋಡಿದ. ಆ ಕಡೆ ಬರೀ ಬಸ್ಸುಗಳು. ಎಲ್ಲ ಬಸ್ಸೂ ಯಾವುದೋ ಊರಿಗೆ ಹೋಗುತ್ತಿದ್ದವು. ಜೈಭೀಮ ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸುತ್ತ ದಾರಿ ಬಿಡಿಸುತ್ತಿದ್ದ. ಪೊಲೀಸನೊಬ್ಬ ಬಂದು ಅವನನ್ನೇ ಬೈದ. ಆಮೇಲೆ ವಿಷಯ ತಿಳಿದು ತಾನೂ ಸೀಟಿ ಊದತೊಡಗಿದ.

ಬಿಳಿ ಗಾಡಿ ಬಂತು. ಒಳಗಿದ್ದ ಡಾಕ್ಟರು ನಾಗವ್ವನ ಎದೆಗೆ ತಂತಿಗಳನ್ನು ಹಚ್ಚಿ ಇ.ಸಿ.ಜಿ. ಪಟ್ಟಿ ತೆಗೆದರು. ಒಂದು ಗುಳಿಗೆ ಕೊಟ್ಟು ಅಗಿಯಲು ಹೇಳಿದರು. ಮಲಕಪ್ಪ ಅವರ ಮುಖವನ್ನೇ ನೋಡುತ್ತಿದ್ದ.

"ಗ್ಯಾಸ್ ಏನ್ರಿ ಸಾಹೇಬ್ರ?" ಎಂದ ಮರಾಠಿಯಲ್ಲಿ. ಆಗಲೂ ಒಂದು ಆಸೆ.

"ಗ್ಯಾಸ್ ಅಲ್ಲ. ಹಾರ್ಟ್ ಅಟ್ಯಾಕ್. ಹತ್ತಿ, ಮಾತು ಆಮೇಲೆ."

ಸರ್ಕಾರಿ ದೊಡ್ಡ ದವಾಖಾನೆಯ ಬಾಗಿಲಲ್ಲಿ ಮಲಕಪ್ಪ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಆಧಾರ್, ರೇಶನ್ ಕಾರ್ಡ್, ಎಲ್ಲವನ್ನೂ ಎರಡೂ ಕೈಯಲ್ಲಿ ಹಿಡಿದು ನಿಂತ. ಯಾರೂ ಕೇಳಲಿಲ್ಲ. ನಾಗವ್ವನನ್ನು ಗಾಲಿಮಂಚದ ಮೇಲೆ ದಬ್ಬಿಕೊಂಡು ಒಳಗೆ ಹೋದರು. ಅವನು ಕಾಗದ ಹಿಡಿದುಕೊಂಡೇ ಹಿಂದೆ ಓಡಿದ. ದಾದಿಯೊಬ್ಬಳು ಅವನನ್ನು ತಡೆದು ಬಾಗಿಲು ಹಾಕಿದಳು.

"ಮೊದಲು ಜೀವ, ಆಮ್ಯಾಲೆ ಕಾಗದ," ಎಂದಳು ರಂಜನಾ. "ಜೀವಕ್ಕ ಬಂದಾಗ ಯಾವ ದವಾಖಾನಿಯವ್ರೂ ಬಾಗಲದಾಗ ನಿಂದರ್ಸೂಹಂಗಿಲ್ಲ. ನಿಂದರ್ಸಿದ್ರ ನಾ ಇದ್ದೆ, ನನ್ನ ಬಾಯಿ ಇತ್ತು."

ಮಲಕಪ್ಪ ಆ ಬಾಗಿಲ ಮುಂದೆ ತಿರುಗಿದ. ಗೋಡೆಯ ತನಕ ಹೋಗುತ್ತಿದ್ದ, ಬರುತ್ತಿದ್ದ. ಜೈಭೀಮ ಚಹಾ ತಂದುಕೊಟ್ಟ. ಚಹಾ ತಣ್ಣಗಾಯಿತು.

ಒಳಗೆ ನಾಗವ್ವನನ್ನು ನೋಡಿದ ಡಾಕ್ಟರ್ ಅಮೇಯ ಹೊರಗೆ ಬಂದಾಗ ಮಲಕಪ್ಪ ಎದುರಿಗೆ ಓಡಿದ. ಡಾಕ್ಟರು ಎಳೆಯ ವಯಸ್ಸಿನವರು. ಕಣ್ಣಿನಲ್ಲಿ ನಿದ್ದೆಯಿರಲಿಲ್ಲ, ಮಾತಿನಲ್ಲಿ ಬೆಣ್ಣೆಯಿರಲಿಲ್ಲ.

"ಉಳಿದಿದ್ದಾರೆ," ಎಂದರು. "ಮುಚ್ಚಿದ್ದ ರಕ್ತನಾಳ ತೆರೆದಿದ್ದೇವೆ. ಆದರೆ ಹೃದಯದ ಒಂದು ಭಾಗ ಸತ್ತಿದೆ. ಅದು ತಿರುಗಿ ಬರುವುದಿಲ್ಲ. ನೋವು ನಿನ್ನೆಯಿಂದ ಇತ್ತಂತೆ. ನಿನ್ನೆಯೇ ಬಂದಿದ್ದರೆ ಇಷ್ಟು ಹೋಗುತ್ತಿರಲಿಲ್ಲ. ಇವತ್ತೂ ಬರದಿದ್ದರೆ ನಾವು ಈ ಮಾತು ಆಡುತ್ತಿರಲಿಲ್ಲ."

"ಸಾಹೇಬ್ರ, ಅಕಿ ಹಗಲೆಲ್ಲಾ ದುಡೀತಾಳ. ತುಪ್ಪ ಕಂಡಾಕಿ ಅಲ್ಲ, ಮೈಯಾಗ ಬೊಜ್ಜಿಲ್ಲ. ಅಕಿಗಿ ಹೆಂಗ ಬಂತು?"

ಡಾಕ್ಟರು ಹೋಗುತ್ತಿದ್ದವರು ನಿಂತರು. "ಈ ಮಾತು ದಿನಾ ಕೇಳುತ್ತೇನೆ. ಇದು ಶ್ರೀಮಂತರ ರೋಗ ಅನ್ನುವುದು ಸುಳ್ಳು. ತಂಬಾಕು ಇದೆ, ಉಪ್ಪು ಹೆಚ್ಚು ಇದೆ, ಹೊಗೆ ಇದೆ, ನಿದ್ದೆ ಇಲ್ಲ, ಚಿಂತೆ ಇದೆ. ಬಿ.ಪಿ. ಎಷ್ಟೋ ವರ್ಷದಿಂದ ಏರಿರಬೇಕು, ಒಮ್ಮೆಯೂ ನೋಡಿಸಿಲ್ಲ. ಭಾರ ಹೊತ್ತ ಮಾತ್ರಕ್ಕೆ ಇದೆಲ್ಲ ಕರಗುವುದಿಲ್ಲ. ಶ್ರೀಮಂತರಿಗೂ ಬರುತ್ತದೆ, ಬಡವರಿಗೂ ಬರುತ್ತದೆ. ಶ್ರೀಮಂತರು ಬೇಗ ಬರುತ್ತಾರೆ, ಬದುಕುತ್ತಾರೆ. ಬಡವರು ತಡವಾಗಿ ಬರುತ್ತಾರೆ. ಬಡವರ ಮನೆಯ ಹೆಂಗಸರು ಎಲ್ಲರಿಗಿಂತ ತಡವಾಗಿ ಬರುತ್ತಾರೆ. ಅವರ ನೋವಿಗೆ ಅವರೇ ಬೆಲೆ ಕೊಡುವುದಿಲ್ಲ, ಮನೆಯವರು ಕೊಡುವುದಿಲ್ಲ, ಕೆಲವು ಸಲ ನಮ್ಮ ಡಾಕ್ಟರುಗಳೂ ಕೊಡುವುದಿಲ್ಲ."

ಮಲಕಪ್ಪನಿಗೆ ಸಿಟ್ಟು ಬಂತು. ಓಣಿಯ ಡಾಕ್ಟರಿನ ಮೇಲೆ ಬಂತು, ಚೂರ್ಣದ ಮೇಲೆ ಬಂತು. ಕೊನೆಗೆ ಎಲ್ಲವೂ ತನ್ನ ಮೇಲೆಯೇ ಬಂದು ಕೂತಿತು. ಬೆಳಿಗ್ಗೆ ನಕ್ಕಿದ್ದು ನೆನಪಾಗಿ ಮೈ ಹಿಡಿಯಾಯಿತು.

ಮೂರನೆಯ ದಿನ ಕಾಡಪ್ಪ ಸಾಹುಕಾರರು ಸೇಬು ಹಣ್ಣು ಹಿಡಿದುಕೊಂಡು ವಾರ್ಡಿಗೆ ಬಂದರು.

"ಅಲ್ಲೋ ಮಲಕಪ್ಪ, ನನಗೊಂದು ಮಾತು ಹೇಳಬಾರದೇನು? ನಾಗವ್ವ ನಮ್ಮ ಮನಿಯಾಕಿ ಇದ್ದಂಗ."

ಮಂಚದ ಮೇಲಿದ್ದ ನಾಗವ್ವ ಸಣ್ಣ ದನಿಯಲ್ಲಿ ಹೇಳಿದಳು. "ಮನಿಯಾಕಿ ಇದ್ದಂಗ ಅಂದ್ರ ಅವತ್ತು ಡಾಕ್ಟರ್ ಮನಿಗೆ ಬಂದಾಗ ನನ್ನ ಬಿ.ಪಿ.ನೂ ನೋಡಸಬೇಕಿತ್ರಿ ಯಜಮಾನ್ರ. ನಾ ಅಲ್ಲೇ ಇದ್ದೆ."

ಸಾಹುಕಾರರು ಹಣ್ಣಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಅವರು ಕೆಟ್ಟವರಲ್ಲ. ಅವರಿಗೆ ಅದು ಹೊಳೆದೇ ಇರಲಿಲ್ಲ. ತೊಂದರೆ ಇರುವುದೇ ಅಲ್ಲಿ.

ಮಲಕಪ್ಪ ಎದ್ದು ನಿಂತ. "ಯಜಮಾನ್ರ, ದುಕಾನದಾಗ ಹಮಾಲರು ಅದೇವಿ. ವರ್ಷಕ್ಕೊಮ್ಮೆ ನಿಮ್ಮ ತಪಾಸಣಿ ಆಗ್ತದ. ನಮ್ಮದೂ ಆಗಬೇಕು."

"ನೋಡೂಣು, ನೋಡೂಣು," ಎಂದರು ಸಾಹುಕಾರರು. "ದೀಪಾವಳಿ ಸೀಜನ್ ಮುಗೀಲಿ."

ಈ "ನೋಡೂಣು" ಮಲಕಪ್ಪನಿಗೆ ಹಳೆಯ ಪರಿಚಯ. ಮುಂದಿನ ವಾರ ನಾಗವ್ವ ಮನೆಗೆ ಬಂದಳು. ನೀರು ಹೊರಬಾರದು, ಮಿಶ್ರಿ ಮುಟ್ಟಬಾರದು, ಗುಳಿಗೆ ಒಂದು ದಿನವೂ ತಪ್ಪಬಾರದು. ಮಲಕಪ್ಪ ಮಿಶ್ರಿಯ ಡಬ್ಬಿಯನ್ನು ಮೋರಿಗೆ ಎಸೆದ. ನಾಗವ್ವ ಅವನ ಅಂಗಿಯ ಜೇಬಿಗೆ ಕೈ ಹಾಕಿ ತಂಬಾಕಿನ ಚೀಟಿ ತೆಗೆದು ಅದೇ ಮೋರಿಗೆ ಹಾಕಿದಳು. "ನಂದಷ್ಟs ಅಲ್ಲ," ಎಂದಳು.

ಮರುದಿನ ಬೆಳಿಗ್ಗೆ ಸ್ಟೀಲ್ ಪಾತ್ರೆಯ ಟೆಂಪೋ ಅಂಗಡಿಯ ಮುಂದೆ ಬಂದು ನಿಂತಿತು. ಇಳಿಸುವವರು ಯಾರೂ ಇರಲಿಲ್ಲ. ಸಾಹುಕಾರರು ಫೋನ್ ಹಚ್ಚಿದರು.

"ಎಲ್ಲದೀರೋ ಎಲ್ಲಾರೂ? ಮಾಲು ಬೀದ್ಯಾಗ ನಿಂತೇದ!"

"ಪಾಲಿಕೆ ದವಾಖಾನ್ಯಾಗ ಸಾಲಿಗೆ ನಿಂತೀವ್ರಿ ಯಜಮಾನ್ರ," ಎಂದ ಮಲಕಪ್ಪ. ಅವನ ಹಿಂದೆ ಹಮಾಲರೆಲ್ಲ ಇದ್ದರು. ಕೆಲವರು ಹೆಂಡಿರನ್ನೂ ಕರೆತಂದಿದ್ದರು. ರಂಜನಾ ಸಾಲಿನ ಉದ್ದಕ್ಕೂ ಓಡಾಡುತ್ತ ಎಲ್ಲರ ತೋಳು ಮೇಲಕ್ಕೆ ಸರಿಸುತ್ತಿದ್ದಳು. "ಬಿ.ಪಿ., ಸಕ್ಕರಿ ನೋಡಿಸ್ಕೊಂಡು ಬರ್ತೀವ್ರಿ. ಇಲ್ಲಿ ಪುಕ್ಕಟ ನೋಡ್ತಾರ."

"ಇವತ್ತs ಆಗಬೇಕಾಗಿತ್ತೇನೋ?"

"ಹೌದ್ರಿ. ಎದಿ ಸೀಜನ್ ನೋಡಿ ನಿಂದರಂಗಿಲ್ರಿ."

ಅಷ್ಟರಲ್ಲಿ ಅವನ ಸರದಿ ಬಂತು. ಫೋನ್ ಇನ್ನೂ ಕಿವಿಗೆ ಇತ್ತು. ನರ್ಸು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದಳು, ಮುಳ್ಳು ನೋಡಿದಳು, ಮತ್ತೊಮ್ಮೆ ನೋಡಿದಳು.

"ಕಾಕಾ, ಫೋನ್ ಇಡ್ರಿ, ಸುಮ್ಮನ ಕುಂದರ್ರಿ," ಎಂದಳು. "ನಿಮ್ಮದು ಭಾಳ ಏರೇದ."

"ಏರೇದೇನು? ನನಗ ಏನೂ ಆಗಿಲ್ಲಲ್ಲ!"

"ಏನೂ ಆಗೂದಿಲ್ಲ. ಆಗೂತನಕ ಏನೂ ಆಗೂದಿಲ್ಲ. ಇವತ್ತಿಂದ ಗುಳಿಗಿ ಚಾಲೂ."

ಮಲಕಪ್ಪ ಫೋನ್ ಇಟ್ಟ. ಹುಟ್ಟಿದಾಗಿನಿಂದ ಮೊದಲ ಸಲ ಯಾರ ಜೊತೆಗೂ ಜಗಳವಾಡದೆ ಸುಮ್ಮನೆ ಕೂತ.

ಇದನ್ನು ಓದುವ ಅಕ್ಕಂದಿರೇ, ಅಣ್ಣಂದಿರೇ, ಓದುವುದನ್ನು ಕೇಳುತ್ತ ಕೂತವರೇ, ನೀವೂ ಒಂದು ಸಲ ಸುಮ್ಮನೆ ಕೂತು ಯೋಚಿಸಿರಿ. ನಿಮ್ಮ ಮನೆಯಲ್ಲಿ ಯಾರ ನೋವಿಗೆ ರಿಕ್ಷಾ ಬರುತ್ತದೆ, ಯಾರ ನೋವಿಗೆ ಬರೀ ಶುಂಠಿ ಕಷಾಯ ಬರುತ್ತದೆ? ಎದೆ ಭಾರವಾದರೆ, ನೋವು ದವಡೆಗೆ, ಬೆನ್ನಿಗೆ, ತೋಳಿಗೆ ಹಬ್ಬಿದರೆ, ಕಾರಣವಿಲ್ಲದೆ ಬೆವರು, ದಮ್ಮು, ಸುಸ್ತು, ವಾಂತಿ ಬಂದರೆ ಪಿತ್ತವೆಂದು ನೀವೇ ತೀರ್ಮಾನ ಮಾಡಬೇಡಿರಿ. ರೋಗಿಯನ್ನು ನಡೆಸಬೇಡಿರಿ, ಬಸ್ಸು ಹತ್ತಿಸಬೇಡಿರಿ. 108ಕ್ಕೆ ಫೋನ್ ಮಾಡಿರಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಡಾಕ್ಟರು ಎದೆ ನೋಡದೆ ಗ್ಯಾಸ್ ಎಂದರೆ "ಇ.ಸಿ.ಜಿ. ತೆಗೀರಿ ಸಾಹೇಬ್ರ" ಎಂದು ಬಾಯಿಬಿಟ್ಟು ಕೇಳಿರಿ. ಕೇಳಲು ನಾಚಬೇಡಿರಿ. ಊರು ಬಿಟ್ಟು ಬಂದವರು ಆಯುಷ್ಮಾನ್ ಕಾರ್ಡು ಇದ್ದರೆ ಅದು ಇಲ್ಲಿನ ಯಾವ ದವಾಖಾನೆಯಲ್ಲಿ ನಡೆಯುತ್ತದೆ ಎಂದು ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿರಿ, ಎದೆ ಹಿಡಿದ ಮೇಲೆ ವಿಚಾರಿಸಲು ಆಗುವುದಿಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರೂ, ಹೆಂಗಸರು ಮೊದಲು, ಹತ್ತಿರದ ಸರ್ಕಾರಿ ದವಾಖಾನೆಗೆ ಹೋಗಿ ಬಿ.ಪಿ., ಸಕ್ಕರೆ ನೋಡಿಸಿರಿ. ಮಿಶ್ರಿಯೂ ತಂಬಾಕೇ, ಅದನ್ನು ಬಿಡಿರಿ. ಮಾಲೀಕರೇ, ನಿಮ್ಮ ಮನೆಗೆ ಡಾಕ್ಟರು ಬಂದ ದಿನ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವವಳನ್ನೂ ಒಮ್ಮೆ ಹೊರಗೆ ಕರೆಯಿರಿ.

ಎದೆ ಎಲ್ಲರದೂ ಒಂದೇ. ಅದಕ್ಕೆ ಸಿಗುವ ಹೊತ್ತು ಮಾತ್ರ ಬೇರೆ ಬೇರೆಯಾಗಿದೆ. ಆ ಹೊತ್ತನ್ನು ಜಗಳವಾಡಿಯಾದರೂ ಪಡೆದುಕೊಳ್ಳಿರಿ.